ಕಫನಿನ ಕಾಸು

ಅರಬ್ಬಿ ಮದ್ರಸಾಗಳಲ್ಲಿ ವಾರಸುದಾರಿಕೆಯ ಲೆಕ್ಕ ಕಲಿಸಲು ಬಳಸುವ ಹಳೆಯ ಪುಸ್ತಕವೊಂದಿದೆ. ಹೆಸರು ಸಿರಾಜಿಯ್ಯಾ, ಕಲಿತವರ ಬಾಯಲ್ಲಿ ಬರಿಯ 'ಸಿರಾಜಿ'. ಕಲ್ಕತ್ತೆಯ ಸುಪ್ರೀಂ ಕೋರ್ಟಿನಲ್ಲಿ ನ್ಯಾಯಾಧೀಶನಾಗಿದ್ದ ವಿಲಿಯಂ ಜೋನ್ಸ್ 1792ರಲ್ಲಿ ಅದನ್ನು ಇಂಗ್ಲಿಷಿಗೆ ತಂದ. ಮುಸ್ಲಿಮರ ಆಸ್ತಿಯ ವ್ಯಾಜ್ಯಗಳನ್ನು ಇತ್ಯರ್ಥಪಡಿಸಬೇಕಿದ್ದ ಬ್ರಿಟಿಷರಿಗೆ ಈ ಪುಸ್ತಕ ಬೇಕಾಗಿತ್ತು. ಪುಸ್ತಕದ ಮೊದಲ ಪಾಠವೇ ಸತ್ತವನು ಬಿಟ್ಟುಹೋದ ಆಸ್ತಿಯ ಮೇಲೆ ಯಾರಿಗೆ ಯಾವ ಕ್ರಮದಲ್ಲಿ ಹಕ್ಕಿದೆ ಎಂಬುದು. ಹೆಂಡತಿ, ಮಕ್ಕಳು ಆ ಸಾಲಿನಲ್ಲಿ ಕೊನೆಗೆ ನಿಲ್ಲುತ್ತಾರೆ. ಅವರಿಗಿಂತ ಮುಂದೆ ಉಯಿಲು ನಿಲ್ಲುತ್ತದೆ, ಅದೂ ಮೂರನೆಯ ಒಂದು ಭಾಗ ಮೀರದಂತೆ. ಉಯಿಲಿಗಿಂತ ಮುಂದೆ ಸಾಲ ಕೊಟ್ಟವನು. ಸಾಲ ಕೊಟ್ಟವನಿಗಿಂತಲೂ ಮುಂದೆ, ಎಲ್ಲರಿಗಿಂತ ಮೊದಲು ನಿಲ್ಲುವವನು ಸತ್ತವನೇ. ಅವನ ಸ್ನಾನ, ಕಫನ್, ಗೋರಿಯ ಖರ್ಚು ಅವನದೇ ದುಡ್ಡಿನಿಂದ ಮೊದಲು ಕಳೆಯಬೇಕು. ಸಾಲ ಆಸ್ತಿಗಿಂತ ಹೆಚ್ಚಿದ್ದರೆ ಸಾಲ ಕೊಟ್ಟವನು ಕಫನಿನ ಮೂರನೆಯ ಬಟ್ಟೆಗೆ ತಕರಾರು ಮಾಡಬಹುದು, ಎರಡು ಬಟ್ಟೆಗಳನ್ನು ಮುಟ್ಟುವಂತಿಲ್ಲ ಎಂಬಲ್ಲಿಯವರೆಗೆ ಹನಫೀ ಪಂಡಿತರು ಲೆಕ್ಕ ಹಾಕಿದ್ದಾರೆ.

ಇದೆಲ್ಲ ಏನಾದರೂ ಬಿಟ್ಟು ಸತ್ತವರ ಮಾತು. ಏನನ್ನೂ ಬಿಡದೆ ಸತ್ತವರ ಕತೆ ಏನು?

ಮಧುಗಿರಿ ತಾಲ್ಲೂಕಿನ ಐ.ಡಿ.ಹಳ್ಳಿಯಂಥ ಕಡೆ ನಿಂತು ಕೇಳಿದರೆ ಈ ಪ್ರಶ್ನೆಗೆ ತೂಕ ಬರುತ್ತದೆ. ಇಟಕದಿಬ್ಬನಹಳ್ಳಿ ಎಂಬ ಉದ್ದನೆಯ ಹೆಸರು ಬಸ್ಸಿನ ಬೋರ್ಡಿಗೂ ಸರಕಾರಿ ಕಾಗದಕ್ಕೂ ಹಿಡಿಸದೆ ಐ.ಡಿ.ಹಳ್ಳಿಯಾಗಿದೆ. ಆಂಧ್ರದ ಗಡಿಗೆ ಅಂಟಿಕೊಂಡ ಹೋಬಳಿ. ಮಳೆ ಬಂದರೆ ಕಡಲೆಕಾಯಿ, ಬಾರದಿದ್ದರೆ ಬೆಂಗಳೂರು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ತಾಲ್ಲೂಕುಗಳ ಬದುಕು ಹೆಚ್ಚು ಕಡಿಮೆ ಇದೇ. ಈ ಕಡೆಯ ಹಳ್ಳಿಗಳಲ್ಲಿ ಮುಸ್ಲಿಮರ ಮನೆಗಳು ಕೆಲವೇ ಇರುತ್ತವೆ. ಮಸೀದಿ ಇದ್ದರೂ ಅದಕ್ಕೆ ಬಾಡಿಗೆ ತರುವ ಅಂಗಡಿ ಮಳಿಗೆಗಳಿರುವುದಿಲ್ಲ. ಇಮಾಮರ ಸಂಬಳವನ್ನೇ ತಿಂಗಳು ತಿಂಗಳು ಮನೆಮನೆಯಿಂದ ಕೂಡಿಸಬೇಕು. ಇಂಥ ಜಮಾಅತಿನಲ್ಲಿ ಕೂಲಿಯವನೊಬ್ಬ ತೀರಿಕೊಂಡರೆ ಅವನ ಜೇಬಿನಲ್ಲಿ ಸಿರಾಜಿಗೆ ಕೆಲಸವೇ ಇರುವುದಿಲ್ಲ.

ಹಳೆಯ ಫಿಕ್ಹ್ ಗ್ರಂಥಗಳು ಅಂಥವನನ್ನೂ ಮರೆತಿಲ್ಲ. ಸತ್ತವನಿಗೆ ಆಸ್ತಿ ಇಲ್ಲದಿದ್ದರೆ, ಬದುಕಿದ್ದಾಗ ಅವನ ಅನ್ನಬಟ್ಟೆಗೆ ಯಾರು ಹೊಣೆಯಾಗಿದ್ದರೋ ಅವರೇ ಕಫನಿಗೂ ಹೊಣೆ. ಹೆಂಡತಿಯ ಕಫನ್ ಗಂಡನ ಮೇಲೆ, ಅವಳಿಗೆ ಸ್ವಂತ ಆಸ್ತಿ ಇದ್ದರೂ ಸರಿ. ಹನಫೀಗಳು ಒಪ್ಪಿ ನಡೆಯುವ ಅಭಿಪ್ರಾಯ ಇಮಾಮ್ ಅಬೂ ಯೂಸುಫರ ಈ ಮಾತೇ. ಹೊಣೆಗಾರರು ಇಲ್ಲದಿದ್ದರೆ ಬೈತುಲ್‌ಮಾಲ್, ಅಂದರೆ ಸಾರ್ವಜನಿಕ ಬೊಕ್ಕಸ. ಬೊಕ್ಕಸವೂ ಇಲ್ಲದ ಊರಿನಲ್ಲಿ ಸುದ್ದಿ ತಿಳಿದ ಮುಸ್ಲಿಮರೆಲ್ಲರ ಮೇಲೆ. ಅವರೂ ಬಡವರಾದರೆ? ಆಗ ಅವರು ಹೋಗಿ ಬೇರೆಯವರಲ್ಲಿ ಕೇಳಬೇಕು. ಕೇಳುವುದೂ ಸಾಲುವಷ್ಟು ಬಟ್ಟೆಗೆ ಮಾತ್ರ. ಕೂಡಿದ ದುಡ್ಡಿನಲ್ಲಿ ಏನಾದರೂ ಉಳಿದರೆ ಕೊಟ್ಟವನು ಯಾರೆಂದು ಗೊತ್ತಿದ್ದರೆ ಅವನಿಗೆ ಹಿಂದಿರುಗಿಸಬೇಕು. ಗೊತ್ತಿಲ್ಲದಿದ್ದರೆ ಇನ್ನೊಬ್ಬ ಬಡವನ ಕಫನಿಗೆ ಬಳಸಬೇಕು. ಅದೂ ಆಗದಿದ್ದರೆ ದಾನ.

ಈ ಉಳಿಕೆಯ ನಿಯಮ ಓದಿದಾಗಲೆಲ್ಲ ನನಗೆ ಪ್ರೇಮಚಂದರ 'ಕಫನ್' ನೆನಪಾಗುತ್ತದೆ. ಹಿಂದಿಯ ಕತೆಯೆಂದೇ ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಅದು ಮೊದಲು ಅಚ್ಚಾದದ್ದು ಉರ್ದುವಿನಲ್ಲಿ, 1935ರ ಡಿಸೆಂಬರಿನ 'ಜಾಮಿಯಾ' ಪತ್ರಿಕೆಯಲ್ಲಿ. ಹೆರಿಗೆಯಲ್ಲಿ ಸತ್ತ ಬುಧಿಯಾಳ ಕಫನಿಗೆಂದು ಗಂಡ ಮಾಧವ, ಮಾವ ಘೀಸು ಊರೆಲ್ಲ ತಿರುಗುತ್ತಾರೆ. ಜಮೀನ್ದಾರ ಸಿಟ್ಟಿನಿಂದಲೇ ಎರಡು ರೂಪಾಯಿ ಎಸೆಯುತ್ತಾನೆ. ಜಮೀನ್ದಾರನೇ ಕೊಟ್ಟ ಮೇಲೆ ಅಂಗಡಿಯವರು ಇಲ್ಲವೆನ್ನುವುದು ಹೇಗೆ? ಎರಡಾಣೆ ನಾಲ್ಕಾಣೆ ಕೂಡಿ ಗಂಟೆಯೊಳಗೆ ಐದು ರೂಪಾಯಿಯಾಗುತ್ತದೆ. ಆ ಐದು ರೂಪಾಯಿಯನ್ನು ಅಪ್ಪ ಮಗ ಕುಡಿದು ತಿಂದು ಮುಗಿಸುತ್ತಾರೆ. ಈ ಕತೆಯನ್ನು ಬಡವರ ಅವಹೇಳನವೆಂದು ಬೈದವರಿದ್ದಾರೆ. ನನಗೆ ಕಾಣುವುದೇ ಬೇರೆ. ಬುಧಿಯಾ ರಾತ್ರಿಯಿಡೀ ನರಳುತ್ತಿದ್ದಾಗ ನಾಲ್ಕಾಣೆಗೂ ಬಿಚ್ಚದ ಊರು ಅವಳು ಹೆಣವಾದೊಡನೆ ಐದು ರೂಪಾಯಿಗೆ ಬಿಚ್ಚುತ್ತದೆ. ಹೊದೆಯಲು ಚಿಂದಿಯೂ ಸಿಗದೆ ಬದುಕಿದವಳಿಗೆ ಸತ್ತ ಮೇಲೆ ಹೊಸ ಬಟ್ಟೆಯೇ ಆಗಬೇಕೆ ಎಂದು ಆ ಕುಡುಕರು ಆಡಿಕೊಳ್ಳುವುದು ಸುಮ್ಮನೆ ನಗೆಮಾತಲ್ಲ. ಹೆಚ್ಚು ಕಡಿಮೆ ಅದೇ ಮಾತನ್ನು ಮೊದಲ ಖಲೀಫಾ ಹಜ್ರತ್ ಅಬೂಬಕರ್(ರ) 634ರಲ್ಲಿ ತಮ್ಮ ಮರಣಶಯ್ಯೆಯಲ್ಲಿ ಆಡಿದ್ದರು. ತಾವು ಉಟ್ಟಿದ್ದ ಹಳೆಯ ಬಟ್ಟೆಯನ್ನೇ ಒಗೆದು ಕಫನಿಗೆ ಬಳಸಿರಿ, ಹೊಸತರ ಅಗತ್ಯ ಬದುಕಿರುವವರಿಗೇ ಹೆಚ್ಚು ಎಂದು ಮಗಳು ಹಜ್ರತ್ ಆಯಿಶಾರಿಗೆ(ರ) ಹೇಳಿದ್ದರು. ದೊರೆಯ ಬಾಯಲ್ಲಿ ಬಂದಾಗ ವಿರಕ್ತಿಯೆನಿಸುವ ಮಾತು ಕುಡುಕನ ಬಾಯಲ್ಲಿ ಬಂದಾಗ ನಾಚಿಕೆಗೇಡು ಎನಿಸುತ್ತದೆ.

ಇಸ್ಲಾಮಿನ ಮೊದಲ ದಿನಗಳಲ್ಲಿ ಕಫನಿನ ಕೊರತೆ ಸಾಮಾನ್ಯವೇ ಆಗಿತ್ತು. ಮಕ್ಕಾದ ಸಿರಿವಂತ ಮನೆಯಲ್ಲಿ ಬೆಳೆದು ಒಳ್ಳೊಳ್ಳೆಯ ಉಡುಪಿಗೆ ಹೆಸರಾಗಿದ್ದ ಮುಸ್‌ಅಬ್ ಬಿನ್ ಉಮೈರ್(ರ) 625ರಲ್ಲಿ ಉಹುದ್ ಯುದ್ಧದಲ್ಲಿ ಸತ್ತಾಗ ಅವರ ಬಳಿ ಇದ್ದದ್ದು ಒಂದೇ ಹೊದಿಕೆ. ತಲೆ ಮುಚ್ಚಿದರೆ ಕಾಲು ಕಾಣುತ್ತಿತ್ತು, ಕಾಲು ಮುಚ್ಚಿದರೆ ತಲೆ. ಪ್ರವಾದಿಯವರು(ಸ) ತಲೆಗೆ ಬಟ್ಟೆ ಹೊದಿಸಿ ಕಾಲಿಗೆ ಇಜ್‌ಖಿರ್ ಎಂಬ ಹುಲ್ಲು ಮುಚ್ಚಲು ಹೇಳಿದರು. ಮುಂದೆ ಶಾಸ್ತ್ರಕಾರರು ಕಫನನ್ನು ಮೂರು ದರ್ಜೆ ಮಾಡಿದ್ದು ಇಂಥ ಅನುಭವದ ಮೇಲೆಯೇ. ಗಂಡಸಿಗೆ ಮೂರು, ಹೆಂಗಸಿಗೆ ಐದು ಬಟ್ಟೆ ಸುನ್ನತ್. ಇಲ್ಲದಿದ್ದರೆ ಗಂಡಸಿಗೆ ಎರಡು, ಹೆಂಗಸಿಗೆ ಮೂರು ಸಾಕು. ಇದು ಕಫನೆ ಕಿಫಾಯತ್. ಅದೂ ಇಲ್ಲವೆಂದರೆ ಕೈಗೆ ಸಿಕ್ಕಿದ್ದು. ಇದು ಕಫನೆ ಜರೂರತ್. ಹೊಲಿಗೆ ಹಾಕದ ಬಿಳಿಯ ಬಟ್ಟೆ, ಸೀಗೆ ಅಥವಾ ಸಾಬೂನು, ಕರ್ಪೂರ. ಪೆಟ್ಟಿಗೆ ಬೇಡ, ಸೌದೆ ಬೇಡ. ನಮ್ಮ ಬಯಲುಸೀಮೆಯಲ್ಲಿ ಗೋರಿಗೆ ಹೊದಿಸಲು ಕಲ್ಲುಚಪ್ಪಡಿಗೂ ಬರವಿಲ್ಲ. ಹಳ್ಳಿಯಲ್ಲಿ ಹುಡುಗರೇ ಗುಂಡಿ ತೋಡುತ್ತಾರೆ. ಅಂದ ಮೇಲೆ ಮುಸ್ಲಿಮನ ಸಾವು ಬಹಳ ಅಗ್ಗದ ಸಾವಾಗಬೇಕಿತ್ತು.

ಆಗಿಲ್ಲ. ಏಕೆಂದು ನೋಡುವ ಮುನ್ನ, ಸಾವಿನ ಖರ್ಚನ್ನು ಈ ನಾಡು ಹೇಗೆ ಹೊತ್ತುಕೊಂಡು ಬಂದಿದೆ ಎಂಬುದನ್ನು ಸ್ವಲ್ಪ ತಿರುವಿ ನೋಡಬೇಕು.

ಕಾಳಗದಲ್ಲಿ ಸತ್ತವನ ಮನೆಯವರಿಗೆ ಭೂಮಿ ಕೊಡುವ ಪದ್ಧತಿ ಕನ್ನಡ ನಾಡಿನಲ್ಲಿ ಶಾಸನಗಳಷ್ಟೇ ಹಳೆಯದು. ನೆತ್ತರುಕೊಡಗೆ, ಕಲ್ನಾಡು ಎಂಬ ಮಾತುಗಳು ವೀರಗಲ್ಲುಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ತುಮಕೂರು ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ 1904ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಹನ್ನೆರಡನೆಯ ಸಂಪುಟವಾಗಿ ಅಚ್ಚು ಹಾಕಿಸಿದರು. ಆದರೆ ನೆತ್ತರುಕೊಡಗೆ ಸಿಗುತ್ತಿದ್ದುದು ದೊರೆಗಾಗಿ, ಊರಿಗಾಗಿ, ದನ ಬಿಡಿಸಲಿಕ್ಕಾಗಿ ಸತ್ತವನಿಗೆ. ಜ್ವರದಿಂದ ಸತ್ತ ಕೂಲಿಯವನಿಗೆ ಕಲ್ಲೂ ಇಲ್ಲ, ಕೊಡಗೆಯೂ ಇಲ್ಲ.

ಅವನಿಗೆ ಊರು ಇತ್ತು ಎನ್ನುತ್ತಾರೆ. ಮನೆಗೊಂದು ತುಂಡು ಸೌದೆ ಬರುತ್ತಿತ್ತು, ಹೆಗಲು ಕೊಡಲು ಜನ ಬರುತ್ತಿದ್ದರು, ಯಾರಿಗೂ ದುಡ್ಡು ಎಣಿಸಬೇಕಿರಲಿಲ್ಲ ಎಂದು ಹಳಬರು ಹೇಳುವುದು ಸುಳ್ಳಲ್ಲ. ಆದರೆ ದುಡ್ಡು ಎಣಿಸದೆ ನಡೆಯುತ್ತಿದ್ದ ಕೆಲಸವನ್ನು ಯಾರೋ ಕೂಲಿಯಿಲ್ಲದೆ ಮಾಡುತ್ತಿದ್ದರು. ಸಾವಿನ ಸುದ್ದಿ ಹೊತ್ತು ಹತ್ತಾರು ಮೈಲಿ ನಡೆದವರು, ಗುಂಡಿ ತೋಡಿದವರು, ಹೆಣದ ಮುಂದೆ ತಮಟೆ ಬಡಿದವರು ದಲಿತ ಕೇರಿಯವರು. ಅದು ಅವರಿಗೆ ಬಿಟ್ಟಿ ಚಾಕರಿ. ಸುಗ್ಗಿಯಲ್ಲಿ ಕೊಡುತ್ತಿದ್ದ ಮೊರದಷ್ಟು ಕಾಳೇ ಅದರ ಬೆಲೆ. 1961ರ ಗ್ರಾಮಾಧಿಕಾರಗಳ ರದ್ದಿಯಾತಿ ಕಾಯಿದೆ ತೋಟಿ ತಳವಾರಿಕೆಯಂಥ ವಂಶಪಾರಂಪರ್ಯದ ಚಾಕರಿಗಳನ್ನು ಕಾಗದದ ಮೇಲೆ ಮುಗಿಸಿತು. ಎಪ್ಪತ್ತರ ದಶಕದಲ್ಲಿ ಹುಟ್ಟಿದ ದಲಿತ ಸಂಘರ್ಷ ಸಮಿತಿ ಬಿಟ್ಟಿಯ ಮಾತನ್ನು ಹಳ್ಳಿಯ ನಡುಬೀದಿಗೆ ತಂದಿತು. 'ಹಿಂದೆ ಎಲ್ಲ ಧರ್ಮಕ್ಕೆ ಆಗುತ್ತಿತ್ತು, ಈಗ ಗುಂಡಿಗೂ ದುಡ್ಡು ಕೇಳುತ್ತಾರೆ' ಎಂದು ಗೊಣಗುವವರು ಯಾವ ಧರ್ಮದ ಮಾತಾಡುತ್ತಿದ್ದಾರೆ ಎಂದು ಒಮ್ಮೆ ಯೋಚಿಸಬೇಕು.

ಊರು ಹೊತ್ತುಕೊಳ್ಳುತ್ತಿತ್ತು ಎಂಬ ಮಾತಿಗೆ ಇನ್ನೊಂದು ಎಲ್ಲೆಯೂ ಇದೆ. 1876-78ರ ಬರದಲ್ಲಿ ಮೈಸೂರು ಸಂಸ್ಥಾನದ ಊರುಗಳು ತಮ್ಮ ಹೆಣಗಳನ್ನೇ ಹೊರಲಾರದೆ ಹೋದವು. 1871ರ ಜನಗಣತಿಯಲ್ಲಿ ಐವತ್ತು ಲಕ್ಷ ದಾಟಿದ್ದ ಜನಸಂಖ್ಯೆ 1881ರಲ್ಲಿ ನಲವತ್ತೆರಡು ಲಕ್ಷ ಮುಟ್ಟಲಿಲ್ಲ. ಅನ್ನ ಹುಡುಕಿ ಬೆಂಗಳೂರಿಗೆ ಬಂದವರು ಬೀದಿಯಲ್ಲೇ ಸತ್ತರು. ಅವರಿಗೆ ಜನಾಝವೂ ಇಲ್ಲ, ತಿಥಿಯೂ ಇಲ್ಲ.

ಇನ್ನು ಜೀತ. ಮದುವೆ, ಕಾಯಿಲೆ, ಸಾವು ಈ ಮೂರಕ್ಕೆ ತಂದ ಸಾಲವೇ ಬಯಲುಸೀಮೆಯಲ್ಲಿ ಜೀತಕ್ಕೆ ಬಾಗಿಲು. ಅಪ್ಪನ ಮಣ್ಣಿಗೆಂದು ಗೌಡರ ಮನೆಯಿಂದ ತಂದ ಹಣಕ್ಕೆ ಮಗ ವರ್ಷಗಟ್ಟಲೆ ದನ ಕಾದ ಕತೆಗಳು ಈ ಕಡೆ ಯಾರಿಗೂ ಹೊಸತಲ್ಲ. 1975ರ ಸುಗ್ರೀವಾಜ್ಞೆ, 1976ರ ಕಾಯಿದೆ ಜೀತವನ್ನು ರದ್ದು ಮಾಡಿದವು. ದೇವರಾಜ ಅರಸರ ಸರಕಾರ ಅದೇ ಹೊತ್ತಿನಲ್ಲಿ ಋಣ ಪರಿಹಾರ ಕಾನೂನನ್ನೂ ತಂದಿತು. ಜೀತ ಹೋಯಿತು, ರಾತ್ರೋರಾತ್ರಿ ದುಡ್ಡು ಹುಟ್ಟಿಸಬೇಕಾದ ಸಾವು ಹೋಗಲಿಲ್ಲ. ಗೌಡನ ಜಾಗಕ್ಕೆ ಮೀಟರ್ ಬಡ್ಡಿಯವನು ಬಂದ, ಆಮೇಲೆ ಕಿರುಸಾಲದ ಕಂಪನಿಗಳು ಬಂದವು. ಅವುಗಳ ವಸೂಲಿಯ ಕಾಟ ತಡೆಯಲು 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರಕಾರ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು.

ಸಾವಿಗೆಂದೇ ಚೀಟಿ ಹಾಕುವುದು ಬಡವರು ಎಲ್ಲ ಕಾಲದಲ್ಲೂ ಕಂಡುಕೊಂಡ ಉಪಾಯ. ರೋಮ್ ನಗರದ ಬಳಿ ಲಾನುವಿಯಂ ಎಂಬ ಊರಿನಲ್ಲಿ ಕ್ರಿ.ಶ. 136ರ ಒಂದು ಶಾಸನ ಸಿಕ್ಕಿದೆ. ಡಯಾನಾ ದೇವಿಯ ಹೆಸರಿನ ಸಂಘದ ನಿಯಮಗಳು ಅದರಲ್ಲಿವೆ. ಸೇರುವಾಗ ನೂರು ಸೆಸ್ಟರ್ಸ್ ನಾಣ್ಯ, ಒಂದು ಗಡಿಗೆ ಒಳ್ಳೆಯ ದ್ರಾಕ್ಷಾರಸ, ತಿಂಗಳಿಗೆ ಐದು ಚಿಕ್ಕಕಾಸು. ಸದಸ್ಯ ಸತ್ತರೆ ಮುನ್ನೂರು ಸೆಸ್ಟರ್ಸ್. ಅದರಲ್ಲಿ ಐವತ್ತು ಚಿತೆಯ ಬಳಿ ಬಂದವರಿಗೆ ಹಂಚಲು. ಗುಲಾಮರೂ ಆ ಸಂಘದಲ್ಲಿದ್ದರು. ಒಡೆಯ ಹೆಣ ಕೊಡಲು ಒಪ್ಪದಿದ್ದರೆ ಬೊಂಬೆ ಮಾಡಿ ಸಂಸ್ಕಾರ ಮಾಡಬೇಕೆಂದೂ ಬರೆದಿದ್ದಾರೆ. ಇಥಿಯೋಪಿಯಾದಲ್ಲಿ 'ಇದ್ದಿರ್' ಎಂಬ ಸಾವಿನ ಸಂಘಗಳು ಕೇರಿಕೇರಿಯಲ್ಲೂ ಇವೆ. ಇಂಗ್ಲೆಂಡಿನಲ್ಲಿ ಕಾರ್ಖಾನೆ ಕೂಲಿಗಳು ಅನ್ನಕ್ಕಿಲ್ಲದಿದ್ದರೂ ಶವಸಂಸ್ಕಾರದ ಕ್ಲಬ್ಬಿಗೆ ಪೆನ್ನಿ ಕಟ್ಟುತ್ತಿದ್ದರು. ಕಾರಣವಿತ್ತು. 1832ರ ಕಾನೂನಿನಂತೆ ಬಡವರ ಮನೆಗಳಲ್ಲಿ ಸತ್ತು ಯಾರೂ ಕೇಳದ ಹೆಣಗಳು ವೈದ್ಯ ವಿದ್ಯಾರ್ಥಿಗಳ ಮೇಜಿಗೆ ಹೋಗುತ್ತಿದ್ದವು. ಆ ದೇಶದ ಸರಕಾರ ಸಾವಿನ ಖರ್ಚಿಗೆ ಎಲ್ಲರಿಗೂ ಇಪ್ಪತ್ತು ಪೌಂಡ್ ಕೊಡಲು ಶುರು ಮಾಡಿದ್ದು 1949ರಲ್ಲಿ. 1987ರಲ್ಲಿ ಅದನ್ನು ನಿಲ್ಲಿಸಿ ಬಡವರಿಗೆ ಮಾತ್ರವೆಂದು ಮಾಡಿದರು. ನಮ್ಮ ರಾಜ್ಯದಲ್ಲೂ 1957ರ ಅಂಗರಚನಾಶಾಸ್ತ್ರ ಕಾಯಿದೆ ವಾರಸುದಾರರಿಲ್ಲದ ಹೆಣವನ್ನು ವೈದ್ಯಕೀಯ ಕಾಲೇಜಿಗೆ ಕೊಡಲು ಅವಕಾಶ ಮಾಡಿದೆ.

ಕರ್ನಾಟಕದಲ್ಲಿ ಸರಕಾರ ಬಡವರ ಕಫನಿಗೆಂದೇ ಕಾಸು ತೆಗೆದಿಟ್ಟದ್ದು 2006ರಲ್ಲಿ. ಅಂತ್ಯಸಂಸ್ಕಾರ ಸಹಾಯನಿಧಿ ಎಂಬ ಹೆಸರಿನಲ್ಲಿ ಬಡತನ ರೇಖೆಗಿಂತ ಕೆಳಗಿನ ಕುಟುಂಬದಲ್ಲಿ ಯಾರೇ ಸತ್ತರೂ ಒಂದು ಸಾವಿರ ರೂಪಾಯಿ. 2015ರಲ್ಲಿ ಅದು ಐದು ಸಾವಿರವಾಯಿತು. ಅದಕ್ಕೂ ಮೊದಲು 1995ರ ಆಗಸ್ಟ್ 15ರಂದು ಕೇಂದ್ರ ಸರಕಾರ ರಾಷ್ಟ್ರೀಯ ಕುಟುಂಬ ಸಹಾಯ ಯೋಜನೆ ತಂದಿತ್ತು. ಅದರ ಮೊತ್ತ 2012ರಲ್ಲಿ ಇಪ್ಪತ್ತು ಸಾವಿರಕ್ಕೆ ಏರಿತು. ಆದರೆ ಅದು ಮನೆಗೆ ದುಡಿದು ಹಾಕುತ್ತಿದ್ದ, ದುಡಿಯುವ ವಯಸ್ಸಿನ ಮುಖ್ಯಸ್ಥ ಸತ್ತರೆ ಮಾತ್ರ. ಎಪ್ಪತ್ತರ ಅಜ್ಜಿಗೆ ಅದು ಸಲ್ಲದು, ಹಸುಗೂಸಿಗೂ ಸಲ್ಲದು. ಇ.ಎಸ್.ಐ. ಇರುವ ಕಾರ್ಮಿಕ ಸತ್ತರೆ ಸಂಸ್ಕಾರದ ಖರ್ಚಿಗೆ ಹದಿನೈದು ಸಾವಿರ ಎಂದು 2019ರಲ್ಲಿ ಆಯಿತು, ಐ.ಡಿ.ಹಳ್ಳಿಯಿಂದ ಬೆಂಗಳೂರಿಗೆ ಹೋದ ಗಾರೆ ಕೆಲಸದವನಿಗೆ ಇ.ಎಸ್.ಐ. ಎಲ್ಲಿಂದ ಬರಬೇಕು? ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಿದ್ದರೆ ಅಲ್ಲಿ ಸಂಸ್ಕಾರದ ಖರ್ಚೂ ಅನುಗ್ರಹ ರಾಶಿಯೂ ಇವೆ. ಬರೆಸಿದವರೆಷ್ಟು ಜನ?

ಇವುಗಳಲ್ಲಿ 2006ರ ಯೋಜನೆಯೇ ಬೈತುಲ್‌ಮಾಲಿನ ಹಳೆಯ ಕಲ್ಪನೆಗೆ ಹತ್ತಿರದ್ದು. ಸತ್ತವನು ದುಡಿಯುತ್ತಿದ್ದನೇ, ಯಾವ ಜಾತಿ, ಯಾವ ಧರ್ಮ ಎಂದು ಕೇಳದೆ ಬಡವನೇ ಎಂದಷ್ಟೇ ಕೇಳಿತು. ಅದು ಎಡವಿದ್ದು ಒಂದೇ ಕಡೆ, ವೇಳೆಯಲ್ಲಿ. ನಾಡಕಚೇರಿಗೆ ಅರ್ಜಿ, ಮರಣಪತ್ರ, ಪಡಿತರ ಚೀಟಿ, ಬ್ಯಾಂಕಿನ ಪುಸ್ತಕ ಎಲ್ಲ ಹೊಂದಿಸಬೇಕಿತ್ತು. ಆಮೇಲೆ ಹಣ ಬಿಡುಗಡೆಯಾಗದೆ ಅರ್ಜಿಗಳು ತಿಂಗಳುಗಟ್ಟಲೆ ಕೊಳೆತ ಸುದ್ದಿ ಪತ್ರಿಕೆಗಳಲ್ಲಿ ಎಷ್ಟೋ ಸಲ ಬಂದಿದೆ. ಐ.ಡಿ.ಹಳ್ಳಿ ಹೋಬಳಿ ಕೇಂದ್ರವಾದ್ದರಿಂದ ಅರ್ಜಿ ಹಿಡಿದು ಮಧುಗಿರಿಯವರೆಗೆ ಹೋಗಬೇಕಿರಲಿಲ್ಲ ಎಂಬುದೊಂದು ಸಮಾಧಾನ. ಆದರೆ ಜನಾಝ ಕಾಯುವುದಿಲ್ಲ. ಬೆಳಿಗ್ಗೆ ಸತ್ತರೆ ಅಸರ್ ನಮಾಜಿನ ಹೊತ್ತಿಗೆ ಮಣ್ಣು. ಆ ಆರೇಳು ಗಂಟೆಯೊಳಗೆ ಕೈಗೆ ಬಾರದ ಐದು ಸಾವಿರ ಕಫನ್ ಕೊಳ್ಳುತ್ತಿರಲಿಲ್ಲ. ಕಫನಿಗೆಂದು ತಂದ ಸಾಲದ ಬಡ್ಡಿ ಕಟ್ಟುತ್ತಿತ್ತು. ಸರಕಾರಕ್ಕೆ ಬೇಗ ಮಾಡುವುದು ಗೊತ್ತಿಲ್ಲವೆಂದಲ್ಲ. 2020-21ರ ಕೋವಿಡ್ ದಿನಗಳಲ್ಲಿ ಬೆಂಗಳೂರಿನ ಚಿತಾಗಾರಗಳ ಶುಲ್ಕವನ್ನು ಪಾಲಿಕೆ ಮನ್ನಾ ಮಾಡಿತ್ತು. ಹೆಣ ಮುಟ್ಟಲು ಮನೆಯವರೂ ಹೆದರುತ್ತಿದ್ದ ಆ ದಿನಗಳಲ್ಲಿ ಮುಸ್ಲಿಂ ಯುವಕರ ತಂಡಗಳು ಎಲ್ಲ ಧರ್ಮದವರ ಸಂಸ್ಕಾರ ನಡೆಸಿದ್ದನ್ನು ನಾಡು ನೋಡಿತು. ಅವರು ಯಾರ ಪಡಿತರ ಚೀಟಿಯನ್ನೂ ಕೇಳಲಿಲ್ಲ.

ಈಗ ಬಿಟ್ಟುಬಂದ ಪ್ರಶ್ನೆಗೆ ಬರುತ್ತೇನೆ. ಕಫನ್ ಅಗ್ಗ, ಗೋರಿ ಅಗ್ಗ, ಆದರೂ ಬಡ ಮುಸ್ಲಿಮನ ಸಾವು ಏಕೆ ದುಬಾರಿ?

ಒಂದು, ದಾರಿ. ನಮ್ಮವರು ಈಗ ಸಾಯುವುದು ಊರಿನಲ್ಲಲ್ಲ, ಬೆಂಗಳೂರಿನ ಆಸ್ಪತ್ರೆಯಲ್ಲಿ. ಅಲ್ಲಿಂದ ಐ.ಡಿ.ಹಳ್ಳಿಗೆ ನೂರು ಕಿಲೋಮೀಟರಿಗೂ ಹೆಚ್ಚು. ಆಂಬುಲೆನ್ಸಿನವನು ಹೇಳುವ ಬಾಡಿಗೆ ಕಫನಿನ ಬೆಲೆಯ ಎಷ್ಟೋ ಪಟ್ಟು, ಮತ್ತು ಆ ಹೊತ್ತಿನಲ್ಲಿ ಯಾರೂ ಚೌಕಾಸಿ ಮಾಡುವುದಿಲ್ಲ. ಆಸ್ಪತ್ರೆಯ ಬಾಕಿ ಬೇರೆ. ಬಾಕಿ ಇದೆಯೆಂದು ಹೆಣ ತಡೆಯುವಂತಿಲ್ಲ, ಹಣ ಆಮೇಲೆ ವಸೂಲು ಮಾಡಿಕೊಳ್ಳಬೇಕು ಎಂದು 2017ರಲ್ಲಿ ತಿದ್ದಿದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆ ಹೇಳುತ್ತದೆ. ಇದನ್ನು ತಿಳಿದು ಕೌಂಟರಿನ ಮುಂದೆ ಗಟ್ಟಿಯಾಗಿ ಹೇಳಬಲ್ಲವರೊಬ್ಬರು ಜೊತೆಗಿದ್ದರೆ, ಅದೇ ದೊಡ್ಡ ಸಹಾಯ. ಬಡವರ ಸಾವಿಗೆ ಚಂದಾ ಎತ್ತುವವರು ಬಟ್ಟೆಯ ಲೆಕ್ಕ ಹಾಕುತ್ತಾರೆ, ದಾರಿಯ ಲೆಕ್ಕ ಹಾಕುವುದಿಲ್ಲ.

ಇನ್ನೊಂದು, ಊಟ. ಮೂರನೆಯ ದಿನ ಜಿಯಾರತ್, ಹತ್ತು, ಇಪ್ಪತ್ತು, ನಲವತ್ತು. ಮೌಲೂದು ಓದಿದವರಿಗೆ, ಬಂಧುಗಳಿಗೆ, ಜಮಾಅತಿಗೆ ಬಿರಿಯಾನಿ. ಪಕ್ಕದ ಮನೆಯ ಹನ್ನೊಂದನೆಯ ದಿನದ ತಿಥಿಯ ಊಟಕ್ಕೂ ನಮ್ಮ ಚಾಲೀಸ್ವಾಂಗೂ ಮಸಾಲೆಯಷ್ಟೇ ವ್ಯತ್ಯಾಸ. 629ರಲ್ಲಿ ಮುಅ್‌ತಾ ಯುದ್ಧದಲ್ಲಿ ಹಜ್ರತ್ ಜಾಫರ್(ರ) ಸತ್ತ ಸುದ್ದಿ ಬಂದಾಗ, ದುಃಖದಲ್ಲಿರುವ ಆ ಮನೆಯವರಿಗೆ ಅಡಿಗೆ ಮಾಡಿ ಕಳಿಸಿರಿ ಎಂದು ಪ್ರವಾದಿಯವರು(ಸ) ನೆರೆಯವರಿಗೆ ಹೇಳಿದ್ದರು. ನಾವು ಅದನ್ನು ತಿರುವು ಮುರುವು ಮಾಡಿ, ಸಾವಿನ ಮನೆಯಿಂದಲೇ ಊರಿಗೆ ಅಡಿಗೆ ಮಾಡಿಸುತ್ತೇವೆ. ಇದನ್ನು ಒಂದು ಪಂಗಡದ ಮಾತೆಂದು ತಳ್ಳಿಹಾಕುವವರಿದ್ದಾರೆ. ದೇವಬಂದಿನ ಮೌಲಾನಾ ಅಶ್ರಫ್ ಅಲಿ ಥಾನವಿ (1863-1943) ಇಂಥ ಆಚರಣೆಗಳ ವಿರುದ್ಧ ಬರೆದದ್ದು ಎಲ್ಲರಿಗೂ ಗೊತ್ತು. ಅವರನ್ನು ಕಟುವಾಗಿ ವಿರೋಧಿಸಿದ ಬರೇಲಿಯ ಮೌಲಾನಾ ಅಹ್ಮದ್ ರಝಾ ಖಾನ್ (1856-1921) ಕೂಡ ಸಾವಿನ ಮನೆಯಲ್ಲಿ ದಾವತ್ ಉಣ್ಣುವುದನ್ನು ಖಂಡಿಸಿ ಒಂದು ಪುಸ್ತಿಕೆಯನ್ನೇ ಬರೆದಿದ್ದಾರೆ. ಫಾತಿಹಾ ಅವರಿಗೆ ಒಪ್ಪಿಗೆ, ಬಡವರಿಗೆ ಉಣಿಸುವುದು ಒಪ್ಪಿಗೆ. ಉಳ್ಳವರು ಸಾವಿನ ಮನೆಯ ಪಂಕ್ತಿಯಲ್ಲಿ ಕೂರುವುದು ಒಪ್ಪಿಗೆಯಲ್ಲ. ಮಿಕ್ಕ ಸಂಗತಿಗಳಿಗೆ ಹೊಡೆದಾಡುವ ನಮ್ಮ ಎರಡು ಕಡೆಯವರೂ ಈ ಪಂಕ್ತಿಯಲ್ಲಿ ಮಾತ್ರ ಒಟ್ಟಿಗೆ ಕೂರುತ್ತಾರೆ.

ಹಾಗಾದರೆ ಜಕಾತಿನಿಂದ ಕಫನ್ ಕೊಡಿಸಿದರಾಗದೇ ಎಂದು ಪ್ರತಿ ರಮಝಾನಿನಲ್ಲೂ ಯಾರಾದರೂ ಕೇಳುತ್ತಾರೆ. ಹನಫೀ ಫಿಕ್ಹ್‌ನಲ್ಲಿ ನೇರವಾಗಿ ಆಗದು. ಜಕಾತ್ ಸಂದಾಯವಾಗಬೇಕಾದರೆ ಪಡೆಯುವವನು ಅದರ ಮಾಲೀಕನಾಗಬೇಕು. ಇದಕ್ಕೆ ತಮ್ಲೀಕ್ ಎನ್ನುತ್ತಾರೆ. ಸತ್ತವನು ಮಾಲೀಕನಾಗಲಾರ. ಆದರೆ ಅದೇ ಹಣವನ್ನು ಅವನ ಬಡ ಹೆಂಡತಿಯ, ಬಡ ಮಗನ ಕೈಗೆ ಕೊಟ್ಟರೆ, ಅವರು ಅದರಿಂದ ಕಫನ್ ಕೊಂಡರೆ ಯಾವ ಅಡ್ಡಿಯೂ ಇಲ್ಲ. ಕೆಲವರಿಗೆ ಇದು ಕಾನೂನಿನ ಕಸರತ್ತು ಎನಿಸುತ್ತದೆ. ನನಗೆ ಹಾಗೆನಿಸುವುದಿಲ್ಲ. ಈ ನಿಯಮ ಹಣವನ್ನು ಕಮಿಟಿಯ ಕೈಯಿಂದ ಬಿಡಿಸಿ ವಿಧವೆಯ ಕೈಗೆ ಹಾಕುತ್ತದೆ. ಕಫನಿಗೆ ಎಷ್ಟು, ಆಂಬುಲೆನ್ಸಿಗೆ ಎಷ್ಟು, ನಾಳೆಯ ಅಕ್ಕಿಗೆ ಎಷ್ಟು ಎಂದು ತೀರ್ಮಾನಿಸುವವಳು ಅವಳೇ. ಹೊರುವವರು ಹೆಗಲು ಕೊಡುವ ಮುನ್ನ ಅಂಗಳದಲ್ಲಿ ರುಮಾಲು ಹಾಸಿ, ಯಾರ ಹೆಸರಿನಲ್ಲಿ ಎಷ್ಟು ಬಿತ್ತು ಎಂದು ಗಟ್ಟಿಯಾಗಿ ಎಣಿಸುವ ಚಂದಾಗೆ ಈ ಮರ್ಯಾದೆ ಇಲ್ಲ.

ಸಾಲವಿಟ್ಟು ಸತ್ತವನ ಜನಾಝ ನಮಾಜಿಗೆ ಪ್ರವಾದಿಯವರು(ಸ) ಹಿಂಜರಿದ ಪ್ರಸಂಗ ಹದೀಸಿನಲ್ಲಿದೆ. ಮೂರು ದೀನಾರ್ ಸಾಲ. ಅಬೂ ಖತಾದಾ(ರ) ಎದ್ದು ಆ ಸಾಲ ನನ್ನ ಮೇಲಿರಲಿ ಎಂದ ಮೇಲೆ ನಮಾಜ್ ಆಯಿತು. ಮುಂದೆ ಬೊಕ್ಕಸದಲ್ಲಿ ಹಣ ಬಂದಾಗ, ಸಾಲವಿಟ್ಟು ಸತ್ತವರ ಹೊಣೆಯನ್ನು ಪ್ರವಾದಿಯವರೇ ಹೊತ್ತುಕೊಂಡರು. ಈಗಲೂ ಜನಾಝದ ಮುಂದೆ ನಿಂತು, ಮಯ್ಯಿತ್ ಯಾರಿಗಾದರೂ ಬಾಕಿ ಇದ್ದರೆ ವಾರಸುದಾರರನ್ನು ಕೇಳಿರಿ ಎಂದು ಇಮಾಮರು ಕೂಗಿ ಹೇಳುತ್ತಾರೆ. ಈ ಕಫನಿಗೆ ಎಲ್ಲಿಂದ ಸಾಲ ತಂದಿರಿ ಎಂದು ಯಾರೂ ಆ ಮಗನನ್ನು ಕೇಳುವುದಿಲ್ಲ.

ಕೆಲವು ಮಸೀದಿಗಳಲ್ಲಿ ಬಹಳ ಹಿಂದಿನಿಂದ ನಡೆದು ಬಂದ ಒಂದು ಏರ್ಪಾಡಿದೆ. ಗುಸ್ಲಿನ ಹಲಗೆ ಮತ್ತು ಡೋಲಾ ಇಡುವ ಕೋಣೆಯಲ್ಲೇ ಒಂದು ಬೀರು. ಅದರಲ್ಲಿ ಅಳತೆಗೆ ಕತ್ತರಿಸಿ ಮಡಿಸಿಟ್ಟ ಗಂಡಸರ ಕಫನ್, ಹೆಂಗಸರ ಕಫನ್, ಮಕ್ಕಳದು, ಜೊತೆಗೆ ಸಾಬೂನು, ಕರ್ಪೂರ, ಅತ್ತರು. ಬಡವನ ಮನೆಗೂ ಅದೇ ಬಟ್ಟೆ, ಮುತವಲ್ಲಿಯ ಮನೆಗೂ ಅದೇ ಬಟ್ಟೆ. ಶಕ್ತಿ ಇದ್ದವರು ಆಮೇಲೆ ಬಂದು ಡಬ್ಬಿಗೆ ದುಡ್ಡು ಹಾಕುತ್ತಾರೆ, ಕೆಲವರು ಎರಡರದ್ದು ಹಾಕುತ್ತಾರೆ, ಇಲ್ಲದವರು ಹಾಕುವುದಿಲ್ಲ. ಪುಸ್ತಕದಲ್ಲಿ ಬಟ್ಟೆಯ ಲೆಕ್ಕವನ್ನಷ್ಟೇ ಬರೆಯುತ್ತಾರೆ, ಒಯ್ದವರ ಹೆಸರು ಬರೆಯುವುದಿಲ್ಲ. ಐ.ಡಿ.ಹಳ್ಳಿಯಂಥ ಊರಿನ ಸಣ್ಣ ಜಮಾಅತಿಗೆ ನಾಲ್ಕು ಜೊತೆ ಬಟ್ಟೆ ಸಾಕು. ಮಧುಗಿರಿ ಅಂಗಡಿಯಲ್ಲಿ ಥಾನು ಹಿಡಿದು ಕೊಂಡರೆ ಒಂದು ಚಾಲೀಸ್ವಾಂನ ಮಾಂಸದ ದುಡ್ಡೂ ಆಗದು. ಬೀರುವಿನ ಬೀಗದ ಕೈಯನ್ನು ಮಾತ್ರ ಇಮಾಮರ ಬಳಿಯೇ ಬಿಡಬೇಕು. ಅಧ್ಯಕ್ಷರ ಮನೆಗೆ ಹೋಗಿ ಕೇಳಬೇಕಾಗಿ ಬಂದರೆ ರಾತ್ರಿ ಹನ್ನೆರಡಕ್ಕೆ ಯಾರೂ ಹೋಗುವುದಿಲ್ಲ.